ಕ್ಯಾನನ್: ಮೂಲನಿಷ್ಠೆಗೆ ಇನ್ನೊಂದು ಹೆಸರಲ್ಲ

ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ 2025ರಲ್ಲಿ ಬಂದ ಮೇಲೆ ನಮ್ಮ ಬದಿಯಡ್ಕ, ನೀರ್ಚಾಲು ಕಡೆಯ ಹುಡುಗರ ಬಾಯಲ್ಲಿ ಒಂದು ಮಾತನ್ನು ಕೇಳಿ ಕೇಳಿ ಸಾಕಾಗಿದೆ: ‘ಭಾಗವತದಲ್ಲಿ ಹೀಗಿಲ್ಲ, ಆದ್ದರಿಂದ ಇದು ಕ್ಯಾನನ್ ಅಲ್ಲ.’ ಕಾಮಿಕ್ಸ್ ಆಧರಿಸಿದ ‘ದ ಬಾಯ್ಸ್’ ಎಂಬ ಸೂಪರ್‌ಹೀರೊ ಸರಣಿ ನೋಡಿದವರದ್ದೂ ಇದೇ ರಾಗ. ಕಾಮಿಕ್ಸ್‌ನಲ್ಲಿ ಬ್ಲ್ಯಾಕ್ ನ್ವಾರ್ ಎಂಬವನು ಹೋಮ್‌ಲ್ಯಾಂಡರ್ ಎಂಬ ಇನ್ನೊಬ್ಬ ಸೂಪರ್‌ಹೀರೊನ ತದ್ರೂಪಿ, ಸರಣಿಯಲ್ಲಿ ಬೇರೆಯೇ ವ್ಯಕ್ತಿ, ಹಾಗಾಗಿ ಸರಣಿ ಕ್ಯಾನನ್ ತಪ್ಪಿದೆಯಂತೆ. ಇಷ್ಟು ಹೇಳಲು ಕನ್ನಡದಲ್ಲಿ ಮಾತಿಗೆ ಬರವೇ? ‘ಮೂಲದಲ್ಲಿ ಹೀಗಿಲ್ಲ’ ಎಂದರೆ ಮುಗಿಯಿತು. ಕ್ಯಾನನ್ ಎಂಬ ಪದಕ್ಕೆ ಬೇರೆ ಕೆಲಸವಿದೆ: ಒಂದು ಕಥಾಲೋಕದಲ್ಲಿ ಯಾವುದನ್ನು ನಡೆದದ್ದೆಂದು ಎಣಿಸಬೇಕು ಎಂದು ಹೇಳುವುದು.

ಪದ ಹುಟ್ಟಿದ್ದು ಜೊಂಡಿನಿಂದ. ಹೀಬ್ರೂ ಭಾಷೆಯ ‘ಕಾನೆ’ ಎಂದರೆ ಜೊಂಡು. ಆ ಕುಲದ ಪದವೇ ಗ್ರೀಕಿನಲ್ಲಿ ‘ಕನ್ನಾ’ ಆಯಿತು, ಅದರಿಂದ ‘ಕನೋನ್’ ಬಂತು: ನೇರವಾದ ಕೋಲು, ಅಳತೆಗೋಲು, ಕೊನೆಗೆ ನಿಯಮ. ಕ್ರೈಸ್ತ ಧರ್ಮಸಭೆ ಇದನ್ನು ಎತ್ತಿಕೊಂಡು ಪ್ರಮಾಣವೆಂದು ಒಪ್ಪಿದ ಗ್ರಂಥಗಳ ಪಟ್ಟಿಗೆ ಹೆಸರಾಗಿಸಿತು. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಬಿಷಪ್ ಅಥನೇಷಿಯಸ್ ತನ್ನ ಪತ್ರದಲ್ಲಿ ಪಟ್ಟಿ ಮಾಡಿದ್ದು ಕ್ರಿ.ಶ. 367ರಲ್ಲಿ. ಕಾಸರಗೋಡಿನಲ್ಲಿದ್ದು ಮಲಯಾಳ ಪತ್ರಿಕೆ ಓದುವವರಿಗೆ ‘ಕಾನೋನ್ ನಿಯಮ’ ಹೊಸತಲ್ಲ. ಚರ್ಚಿನ ಕಟ್ಟಳೆಯ ಸುದ್ದಿಯಲ್ಲಿ ಬರುವ ಆ ಕಾನೋನ್ ಇದೇ. ಅದೇ ಗ್ರೀಕ್ ಪದ ಇನ್ನೊಂದು ದಾರಿ ಹಿಡಿದು ಅರಬ್ಬಿಗೆ ಹೋಗಿ ‘ಕಾನೂನ್’ ಆಯಿತು, ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೂ ಬಂತು. ನಾವು ದಿನಬೆಳಗಾದರೆ ಆಡುವ ‘ಕಾನೂನು’ ಕ್ಯಾನನ್ನಿನ ಒಡಹುಟ್ಟು. ‘ಕ್ಯಾನನ್ ಎಂದರೆ ಫಿರಂಗಿಯಲ್ಲವೇ’ ಎಂದು ನಗುವವರಿಗೂ ಅರ್ಧ ಅಂಕ ಕೊಡಬೇಕು. ಜೊಂಡು ಟೊಳ್ಳಾದ ಕೊಳವೆಯೂ ಹೌದಲ್ಲ? ಇಟಲಿಯವರು ದೊಡ್ಡ ಕೊಳವೆಗೆ ‘ಕನ್ನೋನೆ’ ಎಂದರು, ಇಂಗ್ಲಿಷಿನ ಫಿರಂಗಿ ಅಲ್ಲಿಂದ ಬಂತು. ಕ್ಯಾಮೆರಾ ಕಂಪನಿಯ ಕಥೆ ಮಾತ್ರ ಬೇರೆ. 1934ರಲ್ಲಿ ಮಾಡಿದ ಅವರ ಮೊದಲ ಮಾದರಿಗೆ, ನಾವು ಅವಲೋಕಿತೇಶ್ವರ ಎನ್ನುವ ಬೋಧಿಸತ್ವನ ಜಪಾನೀ ಹೆಸರಿನಿಂದ ‘ಕ್ವಾನನ್’ ಎಂದು ಕರೆದಿದ್ದರು.

ಧರ್ಮಸಭೆಯ ಪದ ಕಥೆಯ ಅಭಿಮಾನಿಗಳ ಕೈಗೆ ಬಂದದ್ದು ಷರ್ಲಾಕ್ ಹೋಮ್ಸ್ ದೆಸೆಯಿಂದ. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸ ಬೈಬಲ್ ಪಂಡಿತರನ್ನು ಅಣಕಿಸಲೆಂದೇ ಹೋಮ್ಸ್ ಕಥೆಗಳ ಮೇಲೆ ಗಂಭೀರ ಮುಖದ ಪ್ರಬಂಧವೊಂದನ್ನು ಓದಿದ. ಆ ತಮಾಷೆಯನ್ನು ಅಭಿಮಾನಿಗಳು ಬೆಳೆಸಿದರು. ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣಕಥೆಗಳು ಕ್ಯಾನನ್. ಬೇರೆಯವರು ಬರೆದ ಹೋಮ್ಸ್ ಎಷ್ಟೇ ಸೊಗಸಾಗಿದ್ದರೂ ಹೊರಗೆ. ಕ್ಯಾನನ್ ಎಂದರೆ ‘ಒಳ್ಳೆಯದು’ ಎಂದೂ ಅಲ್ಲ, ‘ತಪ್ಪಿಲ್ಲದ್ದು’ ಎಂದೂ ಅಲ್ಲ. ಡಾಕ್ಟರ್ ವಾಟ್ಸನ್ನನಿಗೆ ಯುದ್ಧದಲ್ಲಿ ಗುಂಡು ತಗುಲಿದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಎರಡೂ ಕ್ಯಾನನ್ನೇ.

ಯಕ್ಷಗಾನದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರಿಗೆ ಇದು ಕಷ್ಟವಾಗಲೇಬಾರದು. ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಗಂಟೆಗಟ್ಟಲೆ ತರಾಟೆಗೆ ತೆಗೆದುಕೊಳ್ಳುತ್ತಾರೆ. ರಾಮನ ಪಾತ್ರಧಾರಿ ಬೆವರೊರೆಸಿಕೊಳ್ಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ವಾದದಲ್ಲಿ ವಾಲಿ ಗೆದ್ದನೆಂದೇ ಇಟ್ಟುಕೊಳ್ಳಿ, ಭಾಗವತರು ಮುಂದಿನ ಪದ್ಯ ಎತ್ತಿದರೆಂದರೆ ಅವನು ಸಾಯಲೇಬೇಕು. ಪದ್ಯ ಹೇಳಿದ್ದನ್ನು ಅರ್ಥ ಅಲ್ಲಗಳೆಯುವಂತಿಲ್ಲ. ಆ ರಾತ್ರಿಯ ಕ್ಯಾನನ್ ಪ್ರಸಂಗದ ಪದ್ಯ. ಪಾರ್ತಿಸುಬ್ಬ ಹೆಚ್ಚಾಗಿ ಹಿಡಿದದ್ದು ತೊರವೆ ರಾಮಾಯಣದ ಜಾಡನ್ನು, ವಾಲ್ಮೀಕಿಯದನ್ನಲ್ಲ. ಆದರೂ ಸಭೆಯಲ್ಲಿ ಎದ್ದು ನಿಂತು ‘ವಾಲ್ಮೀಕಿಯಲ್ಲಿ ಹೀಗಿಲ್ಲ, ಪದ್ಯ ನಿಲ್ಲಿಸಿ’ ಎಂದವರನ್ನು ಯಾರೂ ಕಂಡಿಲ್ಲ. ಹಾಗಿರುವಾಗ ಅನಿಮೇಷನ್ ಚಿತ್ರದ ಮೇಲೆ ಮಾತ್ರ ಏಕೆ ಈ ಮುನಿಸು? ಮುಂದಿನ ಅವತಾರದ ಚಿತ್ರ ಯಾವ ಘಟನೆಗಳನ್ನು ನಡೆದವೆಂದು ಹಿಡಿದು ಮುಂದುವರಿಯುತ್ತದೋ, ಆ ಚಿತ್ರಮಾಲೆಗೆ ಅವೇ ಕ್ಯಾನನ್. ಭಾಗವತ ಆಕರ. ಆಕರ ಬೇರೆ, ಕ್ಯಾನನ್ ಬೇರೆ. ಆದ್ದರಿಂದ ಬರಿದೆ ‘ಕ್ಯಾನನ್ ಹೌದೋ ಅಲ್ಲವೋ’ ಎಂಬುದು ಪ್ರಶ್ನೆಯೇ ಅಲ್ಲ. ಯಾವುದರ ಕ್ಯಾನನ್ ಎಂದು ಕೇಳಬೇಕು. ‘ದ ಬಾಯ್ಸ್’ ಕಾಮಿಕ್ಸ್‌ಗೆ ಒಂದು ಕ್ಯಾನನ್, ಸರಣಿಗೆ ಇನ್ನೊಂದು. ಒಂದು ಇನ್ನೊಂದಕ್ಕೆ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಕಾಮಿಕ್ಸೇ ಯಜಮಾನ, ತೆರೆಯ ಮೇಲಿನದೆಲ್ಲ ಅದರ ಆಳು ಎಂದು ನಂಬಿದವರು ಹಾರ್ಲಿ ಕ್ವಿನ್ನಳ ಜಾತಕ ನೋಡಲಿ. ಅವಳು ಹುಟ್ಟಿದ್ದು ಕಾಗದದ ಮೇಲೆ ಅಲ್ಲ. 1992ರ ಬ್ಯಾಟ್‌ಮ್ಯಾನ್ ಅನಿಮೇಷನ್ ಸರಣಿಯ ಒಂದು ಕಂತಿಗೆ ಜೋಕರ್‌ನ ಜೊತೆಗಾತಿಯಾಗಿ ಬಂದವಳು. ಮರುವರ್ಷ ಆ ಸರಣಿಯದೇ ಕಾಮಿಕ್ಸ್‌ಗೆ ಇಳಿದಳು, 1999ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಸಂಸ್ಥೆಯ ಮುಖ್ಯ ಕಥಾಧಾರೆಗೆ ಸೇರಿದಳು. ಅದೇ ಸರಣಿಯಲ್ಲಿ ಮಿಸ್ಟರ್ ಫ್ರೀಜ್ ಎಂಬ ಖಳನ ಕಥೆ ನೋಡಿ. 1959ರ ಕಾಮಿಕ್ಸ್‌ನಲ್ಲಿ ಮಿಸ್ಟರ್ ಝೀರೊ ಎಂಬ ಹೆಸರಿನಲ್ಲಿ ಬಂದಾಗ ಅವನು ಹಿಮದ ಬಂದೂಕು ಹಿಡಿದ ಮಾಮೂಲಿ ಕಳ್ಳ. ಕಾಯಿಲೆ ಬಿದ್ದ ಹೆಂಡತಿ ನೋರಾಳನ್ನು ಹಿಮದಲ್ಲಿ ಉಳಿಸಿಟ್ಟುಕೊಂಡವನ ದುಃಖವನ್ನು ಅವನಿಗೆ ಕೊಟ್ಟದ್ದು ಅನಿಮೇಷನ್. ಕಾಮಿಕ್ಸ್ ಅದನ್ನು ಆಮೇಲೆ ತನ್ನದಾಗಿಸಿಕೊಂಡಿತು. ಸೂಪರ್‌ಮ್ಯಾನ್‌ನನ್ನು ನೆಲಕ್ಕುರುಳಿಸುವ ಕ್ರಿಪ್ಟೊನೈಟ್ ಕೂಡ 1943ರಲ್ಲಿ ರೇಡಿಯೊ ನಾಟಕದಲ್ಲಿ ಮೊದಲು ಕೇಳಿಬಂದು, 1949ರಲ್ಲಿ ಕಾಮಿಕ್ಸ್‌ಗೆ ಹೋಯಿತು. ‘ಕಾಮಿಕ್ಸ್‌ನಲ್ಲಿ ಇಲ್ಲದ್ದು ಕ್ಯಾನನ್ ಅಲ್ಲ’ ಎಂದು 1992ರಲ್ಲಿ ಪಟ್ಟು ಹಿಡಿದಿದ್ದರೆ ಇವತ್ತು ಹಾರ್ಲಿಯ ವೇಷ ತೊಡುವವರು ಯಾರ ವೇಷ ತೊಡುತ್ತಿದ್ದರೋ!

ಕ್ಯಾನನ್ ಎಂಬುದನ್ನು ‘ಅಧಿಕೃತ’ ಎಂದು ಅನುವಾದಿಸುವವರಿದ್ದಾರೆ. ಬೇಡ. ಲೆಗೊ ಬ್ಯಾಟ್‌ಮ್ಯಾನ್ ಚಿತ್ರಕ್ಕೆ ಹಕ್ಕುದಾರರ ಒಪ್ಪಿಗೆ ಇದ್ದೇ ಇದೆ, ಹಾಗೆಂದು ಬೇರೆ ಬ್ಯಾಟ್‌ಮ್ಯಾನ್ ಕಥೆಗಳು ಅದನ್ನು ನಡೆದ ಸಂಗತಿಯೆಂದು ಎಣಿಸುವುದಿಲ್ಲ. ತೀರ್ಪು ಹೇಳುವ ಅಧಿಕಾರ ಮಾತ್ರ ಹಕ್ಕುದಾರರದೇ, ಅದೂ ಕೆಲವೊಮ್ಮೆ ನಿಷ್ಕರುಣೆಯಿಂದ. 2014ರಲ್ಲಿ ಸ್ಟಾರ್ ವಾರ್ಸ್ ಒಡೆಯರು ಹಳೆಯ ಕಾದಂಬರಿಗಳನ್ನೂ ಕಾಮಿಕ್ಸನ್ನೂ ರಾಶಿರಾಶಿಯಾಗಿ ‘ಲೆಜೆಂಡ್ಸ್’ ಎಂಬ ಪಟ್ಟಿಯಡಿ ಕ್ಯಾನನ್ನಿನಿಂದ ಹೊರಗಿಟ್ಟರು, ‘ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿಯನ್ನು ಒಳಗೇ ಉಳಿಸಿದರು. 1991ರ ಕಾದಂಬರಿಯಲ್ಲಿ ಬಂದಿದ್ದ ಸೇನಾನಿ ಥ್ರಾನ್ ಆ ಏಟಿಗೆ ಹೊರಬಿದ್ದು, 2016ರಲ್ಲಿ ‘ರೆಬೆಲ್ಸ್’ ಎಂಬ ಇನ್ನೊಂದು ಅನಿಮೇಷನ್ ಸರಣಿಯ ಬಾಗಿಲಿನಿಂದ ಒಳಬಂದ. ಒಡೆಯರು ಏನೇ ಹೇಳಲಿ, ನನ್ನ ಮನಸ್ಸಿನಲ್ಲಿ ಕಥೆ ಹೀಗೇ ಎಂದು ಅಭಿಮಾನಿ ಇಟ್ಟುಕೊಳ್ಳುವುದಕ್ಕೆ ಹೆಡ್‌ಕ್ಯಾನನ್ ಎನ್ನುತ್ತಾರೆ. ಅದರ ಬಗ್ಗೆ ತಕರಾರಿಲ್ಲ, ಅದು ಹೆಡ್‌ಕ್ಯಾನನ್ ಎಂದು ಒಪ್ಪಿಕೊಂಡರೆ ಸಾಕು.

ಇನ್ನು ‘ಕ್ಯಾನನ್ ಇವೆಂಟ್’. ಕುಂಬಳೆಯಲ್ಲಿ ಬಸ್ಸು ತಪ್ಪಿದರೂ ‘ಮಾವ, ಇದು ನನ್ನ ಕ್ಯಾನನ್ ಇವೆಂಟ್’ ಎನ್ನುವ ಅಳಿಯಂದಿರಿದ್ದಾರೆ. ಹಣೆಬರಹ, ತಪ್ಪಿಸಲಾಗದ್ದು ಎಂಬ ಅರ್ಥದಲ್ಲಿ. ಮಾತು ಬಂದದ್ದು 2023ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಅನಿಮೇಷನ್ ಚಿತ್ರದಿಂದ. ಪ್ರತಿ ಲೋಕದ ಸ್ಪೈಡರ್‌ಮ್ಯಾನ್‌ನ ಬಾಳಿನಲ್ಲೂ ಕೆಲವು ಘಟನೆಗಳು ನಡೆಯಲೇಬೇಕು, ಅವನಿಗೆ ಹತ್ತಿರದ ಪೊಲೀಸ್ ಕ್ಯಾಪ್ಟನ್ ಸಾಯುವುದು ಅವುಗಳಲ್ಲೊಂದು, ತಡೆದರೆ ಆ ಲೋಕವೇ ಕುಸಿಯುತ್ತದೆ ಎಂದು ಮಿಗೆಲ್ ಒಹಾರಾ ಎಂಬ ಇನ್ನೊಂದು ಲೋಕದ ಸ್ಪೈಡರ್‌ಮ್ಯಾನ್ ಅದರಲ್ಲಿ ವಾದಿಸುತ್ತಾನೆ. ನೆನಪಿಡಿ, ಅದು ಮಿಗೆಲ್‌ನ ವಾದ, ಚಿತ್ರದ ತೀರ್ಪಲ್ಲ. ಮುಂಬತ್ತನ್ ಎಂಬ ಕಲ್ಪಿತ ನಗರದಲ್ಲಿ ಚಿತ್ರದ ನಾಯಕ ಮೈಲ್ಸ್ ಇನ್‌ಸ್ಪೆಕ್ಟರ್ ಸಿಂಗ್‌ನನ್ನು ಬದುಕಿಸಿದ ಮೇಲೆ ಅಲ್ಲಿ ಕಪ್ಪು ಕುಳಿ ಬಾಯ್ದೆರೆಯುವುದು ಮಿಗೆಲ್‌ನ ವಾದಕ್ಕೆ ಸಾಕ್ಷಿ. ಚಿತ್ರ ಮುಗಿಯುವ ಹೊತ್ತಿಗೆ ಎದುರು ಸಾಕ್ಷಿಯೂ ಸಿಗುತ್ತದೆ: ಇನ್ನೊಂದು ಲೋಕದ ಸ್ಪೈಡರ್-ವುಮನ್ ಗ್ವೆನ್‌ಳ ತಂದೆ, ಪೊಲೀಸ್ ಕ್ಯಾಪ್ಟನ್ ಆಗಿದ್ದವನು, ಆ ಕೆಲಸಕ್ಕೇ ರಾಜೀನಾಮೆ ಕೊಡುತ್ತಾನೆ. ಕ್ಯಾಪ್ಟನ್ನೇ ಇಲ್ಲದ ಮೇಲೆ ಕ್ಯಾಪ್ಟನ್ ಸಾಯುವುದೆಲ್ಲಿ ಬಂತು?