ಮೊದಲು, ಆಮೇಲೆ

ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೂ ಒಬ್ಬರು ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಮಂಡ್ಯದ ಹತ್ತಿರದ ಹಳ್ಳಿಯವರು, ಕಬ್ಬು ಕಡಿಯುವ ಕೆಲಸ. ಕೈ ತುಂಬ ಕಬ್ಬಿನ ಗರಿ ಕೊಯ್ದ ಗೀರುಗಳು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಅವತ್ತೂ ಎದ್ದು ಬಂದಿರಲಿಲ್ಲ. ಯಾಕೆಂದು ಕೇಳಿದೆ.

"ಮತ್ತೆ ಕುಡಿದ್ಬಿಟ್ಟೆ ಅಯ್ಯನವರೇ. ಮೊದಲು ಸರಿಹೋಗ್ತೀನಿ, ಆಮೇಲೆ ಬರ್ತೀನಿ."

ಸಭಾಪಾಲಕನಾಗಿ ನಾನು ಬಹಳ ಸಲ ಕೇಳಿರುವ ಮಾತು ಇದು. ಧರ್ಮಶಾಸ್ತ್ರ ಅಂದರೆ ದೇವರು ಮೋಶೆಯ ಮೂಲಕ ಕೊಟ್ಟ ಆಜ್ಞೆಗಳು; ಕೃಪೆ ಅಂದರೆ ಅರ್ಹತೆ ನೋಡದೆ ದೇವರು ತೋರುವ ದಯೆ. ಈ ಎರಡರ ಗೊಂದಲವೆಲ್ಲ ಆ 'ಮೊದಲು', 'ಆಮೇಲೆ'ಯಲ್ಲೇ ಇದೆ.

ಪಕ್ಕದಲ್ಲಿ ಕೂತು ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯ ತೆಗೆದೆ. ಹತ್ತು ಆಜ್ಞೆಗಳು ನಮ್ಮವರಿಗೆ ಬಾಯಿಪಾಠ. ಆದರೆ ಅವುಗಳ ಮುಂಚೆ ಒಂದು ಸಾಲಿದೆ, ಅದನ್ನು ಸುಮ್ನೆ ದಾಟಿಬಿಡುತ್ತೇವೆ. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಬಿಡಿಸಿದ ದೇವರು ನಾನೇ ಎನ್ನುತ್ತಾನೆ ಯೆಹೋವ. ಆಜ್ಞೆ ಬರುವುದು ಅದಾದ ಮೇಲೆ. ಐಗುಪ್ತ ಬಿಟ್ಟು ಕೆಂಪು ಸಮುದ್ರ ದಾಟಿದ ದಿನ ಇಸ್ರಾಯೇಲ್ಯರ ಕೈಯಲ್ಲಿ ಆಜ್ಞೆ ಬರೆದ ಕಲ್ಲಿನ ಹಲಗೆಗಳೇ ಇರಲಿಲ್ಲ.

ಹಾಗಾದರೆ ಧರ್ಮಶಾಸ್ತ್ರ ಯಾಕೆ? ಪಾಪ ಯಾವುದೆಂದು ಅದರಿಂದ ತಿಳಿಯುತ್ತದೆ ಎಂದು ಯೇಸುವಿನ ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ. ಪಕ್ಕದಲ್ಲಿ ಕೂತಿದ್ದವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್ ನೆನಪಿಸಿದೆ. ಕಬ್ಬು ಎಷ್ಟಿದೆಯೋ ಅಷ್ಟೇ ತೋರಿಸುತ್ತದೆ. ಕಮ್ಮಿ ಬಿದ್ದದ್ದನ್ನು ಅದು ತುಂಬಿಕೊಡುತ್ತಾ?

ಆಮೇಲೆ ಮತ್ತಾಯನ ಸುವಾರ್ತೆ, 20ನೇ ಅಧ್ಯಾಯ. ಅಲ್ಲಿ ಯೇಸು ಒಂದು ಸಾಮ್ಯ, ಅಂದರೆ ನೀತಿಕಥೆ, ಹೇಳುತ್ತಾನೆ. ಬೆಳಿಗ್ಗೆಯಿಂದ ದ್ರಾಕ್ಷಿತೋಟದಲ್ಲಿ ದುಡಿದವನಿಗೂ ಸಂಜೆ ಐದರ ಹೊತ್ತಿಗೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಇದನ್ನು ಕೇಳಿ ಕಬ್ಬಿನ ಕೆಲಸದವರು ತಲೆ ಎತ್ತಿದರು. "ಅದು ಅನ್ಯಾಯ ಅಲ್ವಾ ಅಯ್ಯನವರೇ? ಬಿಸಿಲಲ್ಲಿ ಬೆಂದೋರು ಸುಮ್ನಿರ್ತಾರಾ?"

ಅಷ್ಟು ವರ್ಷ ಬೋಧಿಸಿದ ನನಗಿಂತ ಚೆನ್ನಾಗಿ ಅವರಿಗೆ ಆ ಸಾಮ್ಯ ಅರ್ಥವಾಗಿತ್ತು. ಸುಮ್ಮನಿರಲಿಲ್ಲ, ಗೊಣಗಿದರು ಅಂತಲೇ ಯೇಸು ಹೇಳಿದ್ದು. ಬೆಳಗಿನವರಿಗೆ ಮಾತಾಡಿದಷ್ಟು ಕೂಲಿ ಸಿಕ್ಕಿತು, ಒಂದು ಕಾಸೂ ಕಮ್ಮಿ ಆಗಲಿಲ್ಲ. ಸಂಜೆ ಬಂದವನಿಗೆ ಸಿಕ್ಕಿದ್ದು ಯಜಮಾನನ ಒಳ್ಳೆಯತನ. ಕೃಪೆ ಅಂದರೆ ಅದು.

"ನಾನು ಐದು ಗಂಟೆಯವನು" ಎಂದರು ಮೆಲ್ಲಗೆ.

ಹಾಗಂತ ಕುಡಿಯುತ್ತಲೇ ಇರಬಹುದಾ? ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೇ ಎಂದು ಪೌಲನೇ ಕೇಳಿ, ಖಂಡಿತ ಕೂಡದು ಎನ್ನುತ್ತಾನೆ. ಬಿಡಿಸಿಕೊಂಡವರು ಮತ್ತೆ ಐಗುಪ್ತಕ್ಕೆ ಯಾಕೆ ಹೋಗಬೇಕು? ಕುಡಿತ ಬಿಡಿಸುವ ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುತ್ತೇನೆ ಎಂದೆ. ಸೋಮವಾರವೇ ಹೋದೆವು.

ಮುಂದಿನ ಕರ್ತನ ಭೋಜನದ ದಿನ ಸಾಲಿನ ಕೊನೆಯಲ್ಲಿ ಆ ಗೀರು ಬಿದ್ದ ಕೈಗಳು ಕಂಡವು. ರೊಟ್ಟಿ ಇಟ್ಟೆ.