ಅಲಾಸ್ಕಾದ ಆ ದೀಪಗಳು: ತನಿಖೆ ಉತ್ತರಿಸಿದ್ದು ಯಾವ ಪ್ರಶ್ನೆಗೆ?

1986ರ ನವೆಂಬರ್ 17. ಜಪಾನ್ ಏರ್‌ಲೈನ್ಸ್‌ನ 1628ನೇ ವಿಮಾನ ಪ್ಯಾರಿಸ್‌ನಿಂದ ಟೋಕಿಯೋ ಕಡೆಗೆ ಹೊರಟಿತ್ತು. ಅದೊಂದು ಬೋಯಿಂಗ್ 747 ಸರಕು ವಿಮಾನ. ಒಳಗೆ ಫ್ರಾನ್ಸ್‌ನ ಹೊಸ ವೈನ್ ಇತ್ತು. ಮಧ್ಯದಲ್ಲಿ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿಯಬೇಕಿತ್ತು.

ಸಂಜೆ 5 ಗಂಟೆ ದಾಟಿತ್ತು. ವಿಮಾನ 35,000 ಅಡಿ ಎತ್ತರದಲ್ಲಿತ್ತು. ಕ್ಯಾಪ್ಟನ್ ಕೆಂಜು ತೆರಾವುಚಿ ಅವರಿಗೆ ಎಡಗಡೆ ದೀಪಗಳು ಕಂಡವು. ಅವು ಮುಂದೆ ಬಂದು ವಿಮಾನದ ಎದುರಿಗೇ ನಿಂತಂತಾಯಿತು. ಸಹ ಪೈಲಟ್ ಮತ್ತು ಫ್ಲೈಟ್ ಎಂಜಿನಿಯರ್ ಕೂಡ ದೀಪಗಳನ್ನು ನೋಡಿದರು. ಆಮೇಲೆ ಹಿಂದುಗಡೆ ಭಾರಿ ಗಾತ್ರದ ಆಕಾರವೊಂದು ಕಂಡಿತು ಎಂದು ತೆರಾವುಚಿ ಹೇಳಿದರು. ಅಕ್ರೋಟ್ ಕಾಯಿಯ ಹಾಗೆ ಅದರ ಚಿತ್ರ ಬರೆದುಕೊಟ್ಟರು. ಅಷ್ಟು ದೊಡ್ಡ ಆಕಾರವನ್ನು ಮಾತ್ರ ಉಳಿದಿಬ್ಬರು ಖಚಿತವಾಗಿ ಹೇಳಲಿಲ್ಲ.

ತೆರಾವುಚಿ ನೆಲದಿಂದ ವಿಮಾನಗಳಿಗೆ ದಾರಿ ತೋರಿಸುವ ಸಂಚಾರ ನಿಯಂತ್ರಣ ಕೇಂದ್ರದ (ಎಟಿಸಿ) ಅನುಮತಿ ಪಡೆದು ವಿಮಾನವನ್ನು ಕೆಳಗಿಳಿಸಿದರು. ಪೂರ್ತಿ ಒಂದು ಸುತ್ತು ತಿರುಗಿಸಿಯೂ ನೋಡಿದರು. ಹತ್ತಿರದಲ್ಲಿದ್ದ ಯುನೈಟೆಡ್ ವಿಮಾನಕ್ಕೆ ಸ್ವಲ್ಪ ನೋಡಿ ಹೇಳಿ ಎಂದು ಎಟಿಸಿ ಕೇಳಿತು. ಅದರ ಪೈಲಟ್‌ಗೆ ಜಪಾನ್ ವಿಮಾನ ಬಿಟ್ಟು ಬೇರೇನೂ ಕಾಣಲಿಲ್ಲ.

ಇಳಿದ ಕೂಡಲೇ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಅಧಿಕಾರಿಗಳು ಸಿಬ್ಬಂದಿಯನ್ನು ವಿಚಾರಿಸಿದರು. ಮೂವರೂ ಸಹಜವಾಗಿದ್ದಾರೆ, ಮದ್ಯದ ಪ್ರಭಾವವಿಲ್ಲ ಎಂದು ಬರೆದುಕೊಂಡರು. ತೆರಾವುಚಿ ಹಿಂದೆ ಯುದ್ಧವಿಮಾನ ಹಾರಿಸಿದ್ದವರು, ಎರಡು ದಶಕಕ್ಕೂ ಜಾಸ್ತಿ ಅನುಭವಿ. ಡಿಸೆಂಬರ್ ಕೊನೆಗೆ ಸುದ್ದಿ ಪತ್ರಿಕೆಗಳಿಗೆ ಬಂತು. ಆಗ ಎಫ್‌ಎಎ ಕಡತವನ್ನು ಮತ್ತೆ ತೆರೆಯಿತು.

ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ರೇಡಾರ್‌ನಲ್ಲಿದೆ. ಆಂಕರೇಜ್‌ನ ತೆರೆಯ ಮೇಲೆ ವಿಮಾನದ ಹತ್ತಿರ ಇನ್ನೊಂದು ಗುರುತು ಬಂದು ಹೋಗುತ್ತಿತ್ತು. ಸೇನೆಯ ರೇಡಾರ್ ಕೇಂದ್ರವೂ ಏನೋ ಕಾಣುತ್ತಿದೆ ಎಂದಿತ್ತು, ಆಮೇಲೆ ಅದು ಬರೀ ಗೊಂದಲದ ಸಂಕೇತ ಎಂದಿತು. ರೇಡಾರ್ ಒಂದೇ ವಿಮಾನವನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಮೈಗೆ ಬಡಿದು ಮರಳುವ ಅಲೆ ಒಂದು, ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ಕಳಿಸುವ ಉತ್ತರ ಇನ್ನೊಂದು. ಇವೆರಡು ಸರಿಯಾಗಿ ಕೂಡದಿದ್ದರೆ ತೆರೆಯ ಮೇಲೆ ಒಂದು ವಿಮಾನ ಎರಡಾಗಿ ಕಾಣುತ್ತದೆ. ರೇಡಾರ್ ದಾಖಲೆಗಳನ್ನು ಅಟ್ಲಾಂಟಿಕ್ ಸಿಟಿಯ ತನ್ನ ತಾಂತ್ರಿಕ ಕೇಂದ್ರದಲ್ಲಿ ಮರುಪರಿಶೀಲಿಸಿದ ಎಫ್‌ಎಎ, 1987ರ ಮಾರ್ಚ್‌ನಲ್ಲಿ ಇದನ್ನೇ ಹೇಳಿತು. ಪೈಲಟ್ ಹೇಳಿದ್ದನ್ನು ರೇಡಾರ್ ಖಚಿತಪಡಿಸುವುದಿಲ್ಲ ಎಂದಿತು.

ಆ ವಿವರಣೆ ಸರಿಯೇ ಇರಬಹುದು. ಆದರೆ ಅದು ರೇಡಾರ್ ಪ್ರಶ್ನೆಗೆ ಉತ್ತರ. ಮೂವರು ಕಣ್ಣಾರೆ ಕಂಡ ದೀಪಗಳು ಏನು? ಅದಕ್ಕೆ ಎಫ್‌ಎಎ ಉತ್ತರ ಕೊಡಲಿಲ್ಲ. ಗುರುಗ್ರಹ ಇರಬೇಕು ಎಂದು ವಿಮಾನಯಾನ ಪತ್ರಕರ್ತ ಫಿಲಿಪ್ ಕ್ಲಾಸ್ ವಾದಿಸಿದರು. ಗುರುಗ್ರಹ ಅಂದು ಆ ದಿಕ್ಕಿನಲ್ಲಿ ಇದ್ದದ್ದು ನಿಜ. ಆದರೆ ಎದುರಿಗೆ ಬಂದು ನಿಲ್ಲುವ ದೀಪಗಳಿಗೆ ಅದೊಂದೇ ಸಾಲದು, ಅಲ್ವಾ? ಹಾಗೆಂದು ತೆರಾವುಚಿ ಮಾತನ್ನು ಪೂರ್ತಿ ಒಪ್ಪುವುದೂ ಕಷ್ಟ. 1987ರ ಜನವರಿಯಲ್ಲಿ ಅವರು ಮತ್ತೆ ವಿಚಿತ್ರ ದೀಪಗಳು ಕಂಡವು ಎಂದರು. ಹಿಮದ ಹರಳುಗಳ ಮೂಲಕ ಕಂಡ ಊರಿನ ದೀಪಗಳು ಅವು ಎಂದು ಆಮೇಲೆ ತಿಳಿಯಿತು.

ಕಣ್ಣಿಗೆ ಕಂಡದ್ದರ ಬೆನ್ನು ಹತ್ತುವುದು ಆಗ ಅಮೆರಿಕದಲ್ಲಿ ಯಾರ ಕೆಲಸವೂ ಆಗಿರಲಿಲ್ಲ. 1947ರಲ್ಲಿ ಪೈಲಟ್ ಕೆನೆತ್ ಅರ್ನಾಲ್ಡ್ ಮೌಂಟ್ ರೇನಿಯರ್ ಬಳಿ ಹಾರುವ ಒಂಬತ್ತು ವಿಚಿತ್ರ ವಸ್ತುಗಳನ್ನು ಕಂಡೆ ಎಂದ ಮೇಲೆ ಅಮೆರಿಕದ ವಾಯುಪಡೆ ಇಂಥ ವರದಿಗಳನ್ನು ನೋಡಲು ಶುರುಮಾಡಿತು. ಪ್ರಾಜೆಕ್ಟ್ ಬ್ಲೂ ಬುಕ್ ಎಂಬ ಅದರ ತನಿಖಾ ಯೋಜನೆ 12,618 ವರದಿಗಳನ್ನು ದಾಖಲಿಸಿತು. 701ಕ್ಕೆ ಕಾರಣ ಸಿಗಲಿಲ್ಲ. 1969ರಲ್ಲಿ ಅದನ್ನು ಮುಚ್ಚಿದರು. ಫ್ರಾನ್ಸ್ 1977ರಲ್ಲಿ ತನ್ನ ಬಾಹ್ಯಾಕಾಶ ಸಂಸ್ಥೆಯೊಳಗೆ ಇದಕ್ಕೊಂದು ವಿಭಾಗ ತೆರೆಯಿತು. ಅಮೆರಿಕದಲ್ಲಿ ಎಫ್‌ಎಎ ನೋಡಿದ್ದು ವಾಯುಸುರಕ್ಷತೆಯನ್ನು ಅಷ್ಟೇ.

ಬೆಲೆ ತೆತ್ತವರು ತೆರಾವುಚಿ. ಪತ್ರಿಕೆಗಳ ಜೊತೆ ಮಾತಾಡಿದ ಮೇಲೆ ಅವರನ್ನು ಹಾರಾಟದಿಂದ ತೆಗೆದು ಕಚೇರಿ ಕೆಲಸಕ್ಕೆ ಹಾಕಲಾಯಿತು. ವಿಮಾನಕ್ಕೆ ಮರಳಲು ವರ್ಷಗಳೇ ಹಿಡಿದವು. ಇದನ್ನು ಕಂಡ ಬೇರೆ ಪೈಲಟ್ ಬಾಯಿ ಬಿಡುವನೇ?

2023ರ ಸೆಪ್ಟೆಂಬರ್‌ನಲ್ಲಿ ಗುರುತು ಸಿಗದ ಇಂಥ ವಸ್ತುಗಳ ಬಗ್ಗೆ ನೇಮಿಸಿದ್ದ ನಾಸಾದ ತಜ್ಞರ ಸಮಿತಿ ಇದೇ ಮಾತನ್ನು ಎತ್ತಿತು. ನಗೆಪಾಟಲಾಗುವ ಭಯದಿಂದ ಮಾಹಿತಿ ಬರುತ್ತಿಲ್ಲ ಎಂದಿತು. ವಿಮಾನ ಸುರಕ್ಷತೆಯ ದೂರುಗಳಿಗೆಂದು ನಾಸಾ 1976ರಿಂದ ನಡೆಸುತ್ತಿರುವ ವರದಿ ವ್ಯವಸ್ಥೆಯನ್ನು ಇದಕ್ಕೂ ಬಳಸಿ ಎಂದು ಸಲಹೆ ಕೊಟ್ಟಿತು. ಅಲ್ಲಿ ವರದಿ ಮಾಡಿದ ಪೈಲಟ್‌ನ ಹೆಸರನ್ನು ತೆಗೆದುಹಾಕುತ್ತಾರೆ.