ಬೆರಳು ಬೆಳ್ಳಗಾದರೆ ನಾಗದೋಷ ಅನ್ನಬೇಡಿ

ಮುಂಬೈಗೆ ಬಂದು ಎಷ್ಟು ವರ್ಷವಾದರೂ ನಮ್ಮ ಕರಾವಳಿಯವರ ಮನೆಗಳಲ್ಲಿ ಚರ್ಮಕ್ಕೆ ಏನಾದರೂ ಆದರೆ ಮೊದಲು ಬರುವ ಮಾತು ನಾಗದೋಷ. ಕುಕ್ಕೆಗೆ ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಡಾಕ್ಟರ ಹತ್ತಿರ ಹೋಗುವುದು ತಡವಾಗಬಾರದು. ಚರ್ಮ ಗಟ್ಟಿಯಾಗುತ್ತಾ ಹೋಗುವ ಸ್ಕ್ಲೆರೋಡರ್ಮಾ ಎಂಬ ಕಾಯಿಲೆ ಆಗಿದ್ದರಂತೂ ತಡವಾಗಲೇಬಾರದು.

ಇದು ಬರೀ ಚರ್ಮದ ಕಾಯಿಲೆ ಅಲ್ಲ. ಮೈಯೆಲ್ಲ ಹರಡುವ ಬಗೆಯಲ್ಲಿ ಮೊದಲ ಸುಳಿವು ಸಾಮಾನ್ಯವಾಗಿ ಬೆರಳುಗಳ ಸಣ್ಣ ರಕ್ತನಾಳಗಳದ್ದು. ಡೊಂಬಿವಲಿಯಲ್ಲಿ ಎಸಿ ಲೋಕಲ್ ಹತ್ತಿ ಕಂಬಿ ಹಿಡಿದು ನಿಂತಿದ್ದೀರಿ ಅನ್ನಿ. ಘಾಟ್‌ಕೋಪರ್ ಬರುವಷ್ಟರಲ್ಲಿ ಎರಡು ಬೆರಳ ತುದಿ ಬಿಳಿಚಿ ಜೋಮು ಹಿಡಿದಿರುತ್ತದೆ, ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪಾಗಿ ಉರಿ. 1862ರಲ್ಲಿ ಫ್ರಾನ್ಸಿನ ಡಾಕ್ಟರ್ ಮಾರಿಸ್ ರೇನೋ ಇದನ್ನು ವಿವರಿಸಿದರು. ಹೀಗಾಗುವವರಲ್ಲಿ ಹೆಚ್ಚಿನವರಿಗೆ ಬೇರೆ ಕಾಯಿಲೆ ಇರುವುದಿಲ್ಲ, ಸುಮ್ನೆ ಹೆದರಬೇಡಿ. ಆದರೆ ಬೆರಳು ಬಾತು ಉಂಗುರ ಬಿಗಿಯಾಗುತ್ತಿದ್ದರೆ, ತುದಿಯಲ್ಲಿ ಹುಣ್ಣಾಗಿ ಮಾಯದಿದ್ದರೆ ರುಮಟಾಲಜಿಸ್ಟ್, ಅಂದರೆ ಕೀಲುನೋವು ಮತ್ತು ಇಂಥ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಹೋಗಿ. ಉಗುರಿನ ಬುಡವನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲಿನ ಹಿಗ್ಗಿದ ನಾಳಗಳೇ ಅವರಿಗೆ ಅರ್ಧ ಕಥೆ ಹೇಳುತ್ತವೆ.

ಗಾಯವಾದಾಗ ಕೊಲ್ಲಾಜನ್ ಎಂಬ ನಾರು ಹಾಕಿ ಮುಚ್ಚುವ ಜೀವಕೋಶಗಳು ಎಲ್ಲರಲ್ಲೂ ಇವೆ. ಬಿರುಕು ಮುಚ್ಚಲು ಕರೆಸಿದ ಗಾರೆಯವನು, ಅದು ಮುಚ್ಚಿದ ಮೇಲೂ ಬಾಗಿಲ ಸಂದಿಗೆ, ಕಿಟಕಿ ಸಂದಿಗೆ ಸಿಮೆಂಟು ಮೆತ್ತುತ್ತಲೇ ಇದ್ದರೆ ಏನಾಗುತ್ತದೆ? ಯಾವುದೂ ಅಲ್ಲಾಡುವುದಿಲ್ಲ, ಅಲ್ವಾ? ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಆ ಕೋಶಗಳಿಗೆ ಬಿಡುವು ಕೊಡುವುದಿಲ್ಲ. ಮುಷ್ಟಿ ಕಟ್ಟಲು ಆಗುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಅನ್ನನಾಳ ಸೋತು ತುತ್ತು ಕೆಳಗಿಳಿಯುವುದಿಲ್ಲ, ಎದೆಯುರಿ. ಅದನ್ನು ಗ್ಯಾಸ್ ಅಂತ ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಕೆಲವರಿಗೆ ಕೂದಲ ಬುಡದ ಸುತ್ತ ಮಾತ್ರ ಬಣ್ಣ ಉಳಿದು ಮಿಕ್ಕ ಚರ್ಮ ಬೆಳ್ಳಗಾಗುತ್ತದೆ. ನೋಡಿದವರು ತೊನ್ನು ಅನ್ನುತ್ತಾರೆ, ತಟ್ಟೆ ಲೋಟ ಬೇರೆ ಇಡುತ್ತಾರೆ. ಇದೂ ಅಂಟುವುದಿಲ್ಲ, ತೊನ್ನೂ ಅಂಟುವುದಿಲ್ಲ!

ಒಣ ಕೆಮ್ಮು, ಸ್ಟೇಷನ್ ಬ್ರಿಜ್ ಹತ್ತುವಾಗ ಏದುಸಿರು ಇದ್ದರೆ ವಯಸ್ಸಾಯಿತು ಅಂತ ಬಿಡಬೇಡಿ. ಈಗ ಈ ಕಾಯಿಲೆಯಲ್ಲಿ ಜೀವಕ್ಕೆ ಜಾಸ್ತಿ ಅಪಾಯ ಶ್ವಾಸಕೋಶದಿಂದಲೇ. ಮೊದಲು ಕಿಡ್ನಿಯಿಂದ ಇತ್ತು: ಬಿಪಿ ಇದ್ದಕ್ಕಿದ್ದಂತೆ ಏರಿ ಕಿಡ್ನಿ ಕೈಕೊಡುತ್ತಿತ್ತು. 1970ರ ದಶಕದ ಕೊನೆಗೆ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಬಂದ ಮೇಲೆ ಎಷ್ಟೋ ಜನ ಉಳಿದರು. ಆ ಅಪಾಯ ಪೂರ್ತಿ ಹೋಗಿಲ್ಲ. ಮನೆಯಲ್ಲಿ ಬಿಪಿ ನೋಡಿಕೊಳ್ಳುತ್ತಿರಿ. ಬೆರಳ ಊತ ಇಳಿಯಲಿ ಅಂತ ಮೆಡಿಕಲ್‌ನಿಂದ ನೀವೇ ಸ್ಟೀರಾಯ್ಡ್ ಮಾತ್ರೆ ತಂದು ನುಂಗಬೇಡಿ, ಡೋಸ್ ಜಾಸ್ತಿಯಾದರೆ ಕಿಡ್ನಿಗೆ ಇದೇ ಪೆಟ್ಟು ಬೀಳಬಹುದು.